ವಾರ್ನಿಷ್ ಮೇಲೆ ಹೊಡೆದ ಬಣ್ಣ ಏಳುತ್ತಿದೆಯೇ? ಮೊದಲು ಚಕ್ಕೆಯ ಬೆನ್ನು ನೋಡಿ

ಕಂದು ವಾರ್ನಿಷ್ ಇದ್ದ ಹಳೆಯ ಬಾಗಿಲಿಗೆ, ಕಿಟಕಿ ಚೌಕಟ್ಟಿಗೆ ತಿಳಿ ಬಣ್ಣ ಹೊಡೆದರೆ ಕೋಣೆಯೇ ಬೆಳಗುತ್ತದೆ. ಮೊದಲ ಕೆಲವು ವಾರ ಎಲ್ಲ ಚೆನ್ನಾಗಿರುತ್ತದೆ. ಆಮೇಲೆ ಒಂದು ದಿನ ಬೀಗದ ಕೈ ತಗುಲಿದ ಕಡೆ ಸಣ್ಣ ಚಕ್ಕೆ ಏಳುತ್ತದೆ. ಉಗುರಿನಿಂದ ಎಬ್ಬಿಸಿದರೆ ಪ್ಲಾಸ್ಟಿಕ್ ಹಾಳೆಯ ಹಾಗೆ ಉದ್ದಕ್ಕೆ ಸುಲಿದು ಬರುತ್ತದೆ. ಅಥವಾ ಬಿಳಿ ಬಣ್ಣದ ನಡುವೆ ಹಳದಿ ಕಲೆ ಮೂಡುತ್ತದೆ. ಅಥವಾ ತಿಂಗಳಾದರೂ ಕಿಟಕಿ ಚೌಕಟ್ಟಿಗೆ ಅಂಟಿಕೊಂಡು ತೆರೆಯುವುದೇ ಇಲ್ಲ.

ಆಗ ಎಲ್ಲರೂ ಮಾಡುವುದು ಒಂದೇ. ಡಬ್ಬಿ ಬಿಚ್ಚಿ ಇನ್ನೊಂದು ಕೈ ಬಣ್ಣ ಹೊಡೆಯುತ್ತಾರೆ. ದಯವಿಟ್ಟು ಇದನ್ನು ಮಾಡಬೇಡಿ. ಅಡಿಯ ಪದರ ಹಿಡಿತ ಬಿಟ್ಟಿದ್ದರೆ ಮೇಲಿನ ಪದರ ಅದರ ಜೊತೆಗೇ ಬರುತ್ತದೆ, ಅಲ್ವಾ? ಬಣ್ಣದ ಕಂಪನಿಯನ್ನು ಬೈಯುವುದರಿಂದಲೂ ಉಪಯೋಗವಿಲ್ಲ. ಇಂಥ ದೋಷಗಳಲ್ಲಿ ಹೆಚ್ಚಿನವು ಬಣ್ಣದ್ದಲ್ಲ, ಅದರ ಅಡಿಯಲ್ಲಿರುವುದರದ್ದು. ಯಾವ ಪದರ ಯಾವ ಪದರವನ್ನು ಬಿಟ್ಟಿತು ಎಂಬುದು ಗೊತ್ತಾದರೆ ಅರ್ಧ ಕೆಲಸ ಮುಗಿದ ಹಾಗೆ. ಅದನ್ನು ಹೇಳುವುದು ಉದುರಿದ ಚಕ್ಕೆ. ಅದನ್ನು ಗುಡಿಸಿ ಎಸೆಯಬೇಡಿ.

ಚಕ್ಕೆಯ ಬೆನ್ನು ಏನು ಹೇಳುತ್ತದೆ

ಕಿರುಬೆರಳಿನ ಉಗುರಿನಷ್ಟು ದೊಡ್ಡ ಚಕ್ಕೆಯೊಂದನ್ನು ತೆಗೆದುಕೊಳ್ಳಿ. ಬೆಳಕಿಗೆ ಹಿಡಿದು ಹಿಂಭಾಗ ನೋಡಿ. ಚಕ್ಕೆ ಎದ್ದು ಬಂದ ಜಾಗವನ್ನೂ ನೋಡಿ. ಎರಡೂ ಸೇರಿ ಕಥೆ ಹೇಳುತ್ತವೆ.

ಬೆನ್ನು ನುಣುಪಾಗಿ ಹೊಳೆಯುತ್ತಿದೆ, ಮರದ ಮೇಲೆ ಹಳೆಯ ವಾರ್ನಿಷ್ ಹಾಗೇ ಮಿರುಗುತ್ತಿದೆ ಎಂದರೆ ಬಣ್ಣ ಕಚ್ಚಿಕೊಂಡಿಲ್ಲ. ವಾರ್ನಿಷ್ ಗಾಜಿನಂಥದ್ದು. ಅದು ಬಣ್ಣವನ್ನು ಒಳಗೆ ಹೀರುವುದಿಲ್ಲ. ಮೇಲ್ಮೈಯಲ್ಲಿ ಸಣ್ಣ ಸಣ್ಣ ಗೀರುಗಳಿದ್ದರೆ ಮಾತ್ರ ಬಣ್ಣಕ್ಕೆ ಹಿಡಿದುಕೊಳ್ಳಲು ಜಾಗ. ಇಲ್ಲಿ ಯಾರೂ ಉಜ್ಜಿಲ್ಲ, ಅಥವಾ ಸುಮ್ನೆ ಎರಡು ಸಲ ಕೈಯಾಡಿಸಿ ಬಿಟ್ಟಿದ್ದಾರೆ.

ಬೆನ್ನು ಹೊಳೆಯುವುದಿಲ್ಲ, ಆದರೆ ಮುಟ್ಟಿದರೆ ಜಿಡ್ಡು ಅನಿಸುತ್ತದೆ ಎಂದಾದರೆ ಉಜ್ಜಿದ್ದಾರೆ, ತೊಳೆದಿಲ್ಲ. ಅಡುಗೆಮನೆಯ ಬಾಗಿಲು, ಹಿಡಿಕೆಯ ಸುತ್ತ, ಕೈ ಹೆಚ್ಚು ತಾಗುವ ಅಂಚು, ಇಲ್ಲೆಲ್ಲ ಇದೇ ಕಾರಣ ಜಾಸ್ತಿ.

ಬೆನ್ನಿಗೆ ವಾರ್ನಿಷ್ ಕೂಡ ಅಂಟಿಕೊಂಡು ಬಂದಿದೆ, ಜೊತೆಗೆ ಕೂದಲಿನಂಥ ಬೂದು ಎಳೆಗಳಿವೆ ಎಂದರೆ ನಿಮ್ಮ ಬಣ್ಣ ಚೆನ್ನಾಗಿಯೇ ಕಚ್ಚಿದೆ. ಬಿಟ್ಟಿರುವುದು ವಾರ್ನಿಷ್ ಮತ್ತು ಮರದ ನಡುವಿನ ಹಿಡಿತ. ಕಿಟಕಿಯ ಬಿಸಿಲು ಬೀಳುವ ಕಡೆ ಇದು ಸಾಮಾನ್ಯ. ಇದರ ಬಗ್ಗೆ ಕಿಟಕಿಯ ಭಾಗದಲ್ಲಿ ವಿವರವಾಗಿ ಬರೆದಿದ್ದೇನೆ.

ಬೆನ್ನಿನಲ್ಲೂ ಬಣ್ಣ, ಕೆಳಗೂ ಬಣ್ಣ ಎಂದರೆ ಎರಡು ಕೈಗಳ ನಡುವೆ ತಪ್ಪಾಗಿದೆ. ಪ್ರೈಮರ್ (ಬಣ್ಣಕ್ಕೆ ಮೊದಲು ಹಚ್ಚುವ ಅಡಿಪದರ) ಒಣಗಿರಲಿಲ್ಲ, ಅಥವಾ ಒಣಗಿದ ಎನಾಮೆಲ್‌ನ (ಹೊಳಪಿನ ಗಟ್ಟಿ ಬಣ್ಣದ) ಹೊಳಪಿನ ಮೇಲೆ ಉಜ್ಜದೆ ಮುಂದಿನ ಕೈ ಹೊಡೆದಿದ್ದಾರೆ, ಅಥವಾ ನಡುವೆ ಧೂಳು ಕೂತಿತ್ತು.

ಎಲ್ಲಿಯವರೆಗೆ ಹಾಳಾಗಿದೆ ಎಂದು ತಿಳಿಯಲು

ಒಂದು ಕಡೆ ಎದ್ದಿದೆ ಎಂದು ಇಡೀ ಬಾಗಿಲು ಕೆರೆಯಬೇಕಿಲ್ಲ. ಗಟ್ಟಿಯಾಗಿ ಕಾಣುವ ಕಡೆ ಒಂದು ಪರೀಕ್ಷೆ ಮಾಡಿ. ಹರಿತವಾದ ಬ್ಲೇಡಿನಿಂದ 2 ಮಿಲಿಮೀಟರ್ ಅಂತರದಲ್ಲಿ ಆರು ಗೀರು ಎಳೆಯಿರಿ. ಅದಕ್ಕೆ ಅಡ್ಡಲಾಗಿ ಇನ್ನೂ ಆರು ಗೀರು. ಗೀರು ಬಣ್ಣವನ್ನು ದಾಟಿ ಅಡಿಯ ಪದರ ಮುಟ್ಟಬೇಕು. ಆಗ 25 ಸಣ್ಣ ಚೌಕಗಳಾಗುತ್ತವೆ. ಪುಡಿಯನ್ನು ಬ್ರಷ್‌ನಿಂದ ಒರೆಸಿ, ಚೆನ್ನಾಗಿ ಅಂಟುವ ಟೇಪ್ ಒತ್ತಿ ಹಚ್ಚಿ. ಒಂದೆರಡು ನಿಮಿಷ ಬಿಟ್ಟು, ಸುಮಾರು 60 ಡಿಗ್ರಿ ಕೋನದಲ್ಲಿ ಒಂದೇ ಸಲಕ್ಕೆ ಎಳೆಯಿರಿ. ಬಣ್ಣದ ಕಾರ್ಖಾನೆಗಳಲ್ಲಿ ಹಿಡಿತ ಅಳೆಯಲು ಬಳಸುವ ಅಂತರರಾಷ್ಟ್ರೀಯ ಮಾನದಂಡವಾದ ಐಎಸ್‌ಒ 2409 ಪರೀಕ್ಷೆಯೂ ಮೂಲದಲ್ಲಿ ಇದೇ.

ಚೌಕಗಳ ಅಂಚು ಹಾಗೇ ಇದ್ದರೆ ಆ ಭಾಗ ಗಟ್ಟಿ. ಅಲ್ಲಿಗೆ ಕೈ ಹಾಕಬೇಡಿ. ಒಂದೆರಡು ಮೂಲೆ ಉದುರಿದರೂ ಪರವಾಗಿಲ್ಲ, ಉಜ್ಜಿ ಮುಂದುವರಿಯಬಹುದು. ನಾಲ್ಕೈದು ಚೌಕ ಪೂರ್ತಿ ಟೇಪಿಗೆ ಅಂಟಿ ಬಂದರೆ ಆ ಹಲಗೆಯ ಬಣ್ಣ ಉಳಿಸುವ ಆಸೆ ಬಿಡಿ. ಬಾಗಿಲಿನಲ್ಲಿ ಹಿಡಿಕೆಯ ಹತ್ತಿರ, ಕೆಳಗಿನ ಪಟ್ಟಿ, ಮೇಲಿನ ಮೂಲೆ, ಹೀಗೆ ಮೂರು ಕಡೆಯಾದರೂ ನೋಡಬೇಕು. ಒಂದೇ ಬಾಗಿಲಿನಲ್ಲಿ ಮೂರು ಬೇರೆ ಬೇರೆ ಉತ್ತರ ಬರುವುದು ಅಪರೂಪವಲ್ಲ.

ಪರೀಕ್ಷೆಗೆ ಮೊದಲು ಬಣ್ಣ ಹೊಡೆದು ಎಷ್ಟು ದಿನವಾಯಿತು ಎಂದು ಲೆಕ್ಕ ಹಾಕಿ. ಮುಟ್ಟಿದರೆ ಒಣಗಿದೆ ಅನಿಸುವುದು ಬೇರೆ, ಒಳಗಿಂದ ಗಟ್ಟಿಯಾಗುವುದು ಬೇರೆ. ನೀರಿನ ಬಣ್ಣ, ಅಂದರೆ ನೀರು ಬೆರೆಸಿ ತೆಳು ಮಾಡುವ ಬಣ್ಣ, ಪೂರ್ತಿ ಗಟ್ಟಿಯಾಗಲು ಮೂರು ನಾಲ್ಕು ವಾರ ಬೇಕಾಗುತ್ತದೆ. ಮೂರನೇ ದಿನ ಉಗುರಿಗೆ ಬಂತು ಎಂದು ಗಾಬರಿಯಾಗಬೇಡಿ. ಕಾದು ಇನ್ನೊಮ್ಮೆ ನೋಡಿ.

ಅಡಿಯಲ್ಲಿರುವುದು ಯಾವ ವಾರ್ನಿಷ್?

ಕಂದಾಗಿ ಹೊಳೆಯುವುದೆಲ್ಲ ಒಂದೇ ಅಲ್ಲ. ಕಣ್ಣಿಗೆ ಕಾಣದ ಮೂಲೆಯಲ್ಲಿ, ಉದಾಹರಣೆಗೆ ಬಾಗಿಲಿನ ತಿರುಗಣೆ ಇರುವ ಅಂಚಿನಲ್ಲಿ, ಹತ್ತಿಗೆ ಸ್ಪಿರಿಟ್ ಹಾಕಿ ಒಂದು ನಿಮಿಷ ಉಜ್ಜಿ. ಮೇಲ್ಮೈ ಅಂಟಂಟಾಗಿ ಹತ್ತಿಗೆ ಕಂದು ಬಣ್ಣ ಹತ್ತಿದರೆ ಅದು ಅರಗಿನ ಪಾಲಿಶ್, ಅಂದರೆ ಅರಗನ್ನು ಸ್ಪಿರಿಟ್‌ನಲ್ಲಿ ಕರಗಿಸಿ ಹಚ್ಚಿದ್ದು. ಸ್ಪಿರಿಟ್‌ಗೆ ಏನೂ ಆಗದಿದ್ದರೆ ಎನ್‌ಸಿ ಥಿನ್ನರ್‌ನಿಂದ (ನೈಟ್ರೋಸೆಲ್ಯುಲೋಸ್ ಲ್ಯಾಕರ್ ಕರಗಿಸುವ ದ್ರವ) ನೋಡಿ. ಕರಗಿ ಹತ್ತಿಗೆ ಬಂದರೆ ಲ್ಯಾಕರ್. ಕರಗದೆ ಸುಕ್ಕುಗಟ್ಟಿದರೆ ಎಣ್ಣೆಯ ವಾರ್ನಿಷ್ ಇರಬೇಕು. ಎರಡಕ್ಕೂ ಜಗ್ಗದೆ ಕೂತಿದ್ದರೆ ಅದು ಬಹುತೇಕ ಪಿಯು, ಅಂದರೆ ಪಾಲಿಯುರೆಥೇನ್.

ಇದು ಯಾಕೆ ಮುಖ್ಯ? ಪಿಯು ಬಹಳ ಗಟ್ಟಿ. ಅದಕ್ಕೆ ಉಜ್ಜುವ ಕೆಲಸ ಜಾಸ್ತಿ ಬೇಕು. ಬಾಟಲಿಯಲ್ಲಿ ಸಿಗುವ ಹೊಳಪು ತೆಗೆಯುವ ದ್ರವ ಅದರ ಮೇಲೆ ನಂಬುವಷ್ಟು ಕೆಲಸ ಮಾಡುವುದಿಲ್ಲ. ಎಣ್ಣೆಯ ವಾರ್ನಿಷ್ ಮೇಲೆ ಥಿನ್ನರ್ ಇರುವ ಲ್ಯಾಕರ್ ಬಣ್ಣ ಸಿಂಪಡಿಸಿದರೆ ಅಡಿಯ ಪದರ ಉಬ್ಬಿ ಮೇಲೇಳುತ್ತದೆ. ಇನ್ನು ಅರಗಿನ ಪಾಲಿಶ್ ಮೇಲೆ ಅಂಗಡಿಯ ಮೇಣದ ಪಾಲಿಶ್ ವರ್ಷಗಟ್ಟಲೆ ಹಚ್ಚಿರುವ ಸಾಧ್ಯತೆ ಇರುತ್ತದೆ. ನಿಜವಾದ ತೊಂದರೆ ಆ ಮೇಣದ್ದು.

ಸಿಪ್ಪೆಯಂತೆ ಸುಲಿಯುತ್ತಿದ್ದರೆ

ಎಲ್ಲಕ್ಕಿಂತ ಹೆಚ್ಚು ಕಾಣುವ ದೋಷ ಇದೇ. ಪರಿಹಾರಕ್ಕೂ ಅಡ್ಡದಾರಿ ಇಲ್ಲ.

ಮೊದಲು ಸುಲಿದು ಬರುವುದನ್ನೆಲ್ಲ ಸುಲಿದುಬಿಡಿ. ಮೊಂಡು ಅಂಚಿನ ಕೆರೆಯುವ ಪಟ್ಟಿ ಸಾಕು. ಬಿಗಿಯಾಗಿ ನಿಂತ ಕಡೆ ನಿಲ್ಲಿಸಿ. ಕಷ್ಟಪಟ್ಟು ಕೆರೆಯುವುದರಿಂದ ಮರಕ್ಕೆ ಗಾಯವಾಗುತ್ತದೆ ಅಷ್ಟೇ.

ಆಮೇಲೆ ತೊಳೆಯಿರಿ. ಉಜ್ಜುವುದಕ್ಕಿಂತ ಮೊದಲು ತೊಳೆಯಬೇಕು. ಈ ಕ್ರಮವನ್ನು ಬಹಳ ಜನ ತಿರುಗುಮುರುಗು ಮಾಡುತ್ತಾರೆ. ಜಿಡ್ಡು ಇರುವಾಗಲೇ ಉಜ್ಜಿದರೆ ಆ ಜಿಡ್ಡು ಗೀರುಗಳೊಳಗೆ ಸೇರಿ ಕೂರುತ್ತದೆ, ಮತ್ತೆ ಸುಲಭಕ್ಕೆ ಹೊರಬರುವುದಿಲ್ಲ. ಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯುವ ಸೋಪು ಹಾಕಿ ಬಟ್ಟೆಯಿಂದ ತಿಕ್ಕಿ. ನಂತರ ಬರೀ ನೀರಿನಲ್ಲಿ ಅದ್ದಿದ ಬಟ್ಟೆಯಿಂದ ಎರಡು ಸಲ ಒರೆಸಿ. ಸೋಪು ಉಳಿದರೆ ಅದೂ ಒಂದು ಜಿಡ್ಡೇ. ಮೇಣದ ಅನುಮಾನವಿದ್ದರೆ ಟರ್ಪೆಂಟೈನ್ ಹಾಕಿದ ಬಟ್ಟೆಯಿಂದ ಒರೆಸಿ. ಬಟ್ಟೆಯನ್ನು ಮಡಚಿ ಮಡಚಿ ಹೊಸ ಮಗ್ಗುಲು ಬಳಸಬೇಕು. ಒಂದೇ ಮಗ್ಗುಲಲ್ಲಿ ಒರೆಸುತ್ತಾ ಹೋದರೆ ಮೇಣವನ್ನು ಇಲ್ಲಿಂದ ಅಲ್ಲಿಗೆ ಸಾಗಿಸಿದಂತೆ.

ತೊಳೆದದ್ದು ಸಾಕೇ ಎಂದು ತಿಳಿಯಲು ಒದ್ದೆ ಬಟ್ಟೆ ಎಳೆದು ನೋಡಿ. ನೀರು ಸಮನಾಗಿ ತೆಳುವಾಗಿ ಹರಡಿ ನಿಂತರೆ ಶುದ್ಧವಾಗಿದೆ. ಹನಿ ಹನಿಯಾಗಿ ಕೂಡಿಕೊಂಡರೆ ಇನ್ನೂ ಜಿಡ್ಡಿದೆ.

ಒಣಗಿದ ಮೇಲೆ ಉಜ್ಜುವ ಕೆಲಸ. ದಪ್ಪ ಹೊಳಪಿದ್ದರೆ 120 ಅಥವಾ 150 ನಂಬರಿನ ಉಪ್ಪುಕಾಗದದಿಂದ ಶುರು ಮಾಡಿ 180 ಅಥವಾ 220ಕ್ಕೆ ಮುಗಿಸಿ. 60, 80 ನಂಬರ್ ಬೇಡ. ಅದರ ಗೀರು ಎರಡು ಕೈ ಬಣ್ಣ ಹೊಡೆದರೂ ಕಾಣುತ್ತದೆ. ಮರದ ಎಳೆ ಯಾವ ಕಡೆ ಓಡುತ್ತದೋ ಆ ಕಡೆಗೇ ಉಜ್ಜಿ. ವಾರ್ನಿಷ್ ಪೂರ್ತಿ ತೆಗೆದು ಮರ ಕಾಣಿಸಬೇಕಿಲ್ಲ. ಹೊಳಪು ಹೋಗಿ ಸೀಮೆಸುಣ್ಣ ಬಳಿದಂತೆ ಮಸುಕಾದರೆ ಸಾಕು. ಮುಗಿಯಿತು ಅನಿಸಿದಾಗ ಟಾರ್ಚನ್ನು ಪಕ್ಕದಿಂದ, ಮೇಲ್ಮೈಗೆ ತಾಗಿದ ಹಾಗೆ ಹಿಡಿಯಿರಿ. ಅಲ್ಲಲ್ಲಿ ನಾಣ್ಯದಷ್ಟು ಹೊಳೆಯುವ ತುಣುಕು ಕಾಣುತ್ತವೆ. ಬಣ್ಣ ಮುಂದೆ ಏಳುವುದು ಸರಿಯಾಗಿ ಅಲ್ಲಿಂದಲೇ. ಕೆತ್ತನೆ ಇರುವ ಪಟ್ಟಿ, ಒಳಮೂಲೆ, ಗಾಜಿನ ಅಂಚು, ಇಲ್ಲಿಗೆ ಕಾಗದ ಹೋಗುವುದಿಲ್ಲ. ಒರಟು ನೈಲಾನ್ ಉಜ್ಜುವ ಪ್ಯಾಡ್ ಬಳಸಿ.

ಹಳೆಯ ಮನೆಯಾದರೆ ಇಲ್ಲೊಂದು ಎಚ್ಚರಿಕೆ. ವಾರ್ನಿಷ್ ಅಡಿಯಲ್ಲಿ ಇನ್ನೂ ಹಳೆಯ ಬಣ್ಣದ ಪದರ ಕಂಡರೆ ಅದರಲ್ಲಿ ಸೀಸ ಇರಬಹುದು. ಸೀಸಕ್ಕೆ ಸುರಕ್ಷಿತ ಮಟ್ಟ ಎಂಬುದೇ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಮಕ್ಕಳಿಗೆ ಇದರಿಂದ ಆಗುವ ಹಾನಿ ದೊಡ್ಡದು. ಮೊದಲು ಪರೀಕ್ಷೆ ಮಾಡಿಸಿ. ಅಲ್ಲಿಯವರೆಗೆ ಒಣಗಿದ ಮೇಲ್ಮೈಯನ್ನು ಉಜ್ಜಬೇಡಿ, ಬೆಂಕಿ ಹಿಡಿದು ಸುಡಬೇಡಿ. ಸೀಸ ಇದೆ ಎಂದು ಗೊತ್ತಾದರೆ ಅದರ ತರಬೇತಿ ಇರುವವರಿಗೇ ಕೆಲಸ ಬಿಡಿ. ಸೀಸ ಇಲ್ಲದಿದ್ದರೂ ಧೂಳಿಗೆ ಮುಖವಾಡ ಬೇಕೇ ಬೇಕು.

ಧೂಳನ್ನು ಮೊದಲು ಒಣ ಬ್ರಷ್‌ನಿಂದ, ಆಮೇಲೆ ಸ್ವಲ್ಪ ಒದ್ದೆಯಾದ ಬಟ್ಟೆಯಿಂದ ತೆಗೆಯಿರಿ. ಈಗ ಪ್ರೈಮರ್. ಗೋಡೆಯ ಪ್ರೈಮರ್ ಇಲ್ಲಿ ನಡೆಯುವುದಿಲ್ಲ. ಹೊಳಪಿನ ಮೇಲ್ಮೈಗೆ ಕಚ್ಚಿಕೊಳ್ಳುತ್ತದೆ ಎಂದು ಡಬ್ಬಿಯ ಮೇಲೆ ಬರೆದಿರುವ ಪ್ರೈಮರ್ ಬೇಕು. ಎಣ್ಣೆಯದಾದರೆ ಒಂದು ರಾತ್ರಿಯಾದರೂ ಒಣಗಲಿ. ಅರಗಿನ ಪ್ರೈಮರ್ ಒಂದು ಗಂಟೆಯೊಳಗೆ ಒಣಗುತ್ತದೆ. ನೀರಿನದು ಬೇಗ ಒಣಗಿದಂತೆ ಕಂಡರೂ ಹಿಡಿತ ಬರಲು ಕೆಲವು ದಿನ ಹಿಡಿಯುತ್ತದೆ. ಪ್ರೈಮರ್ ಬೇಡ, ಬಣ್ಣದಲ್ಲೇ ಇದೆ ಎಂಬ ಡಬ್ಬಿಗಳೂ ಸಿಗುತ್ತವೆ. ಹೊಳಪಿನ ವಾರ್ನಿಷ್ ಮೇಲೆ ನಾನು ಅದನ್ನು ನಂಬುವುದಿಲ್ಲ.

ಬಣ್ಣ ಎದ್ದ ಜಾಗಕ್ಕೂ ಉಳಿದ ಜಾಗಕ್ಕೂ ನಡುವೆ ಮೆಟ್ಟಿಲಿನಂಥ ಅಂಚು ಉಳಿಯುತ್ತದೆ. ಪ್ರೈಮರ್‌ಗೆ ಮೊದಲೇ ಅದನ್ನು ಇಳಿಜಾರಾಗುವವರೆಗೆ ಉಜ್ಜಬೇಕು. ಕಣ್ಣು ಮುಚ್ಚಿ ಬೆರಳು ಓಡಿಸಿದಾಗ ಅಂಚು ಗೊತ್ತಾಗಬಾರದು. ಗೊತ್ತಾದರೆ ಬಣ್ಣ ಹೊಡೆದ ಮೇಲೂ ಕಾಣುತ್ತದೆ.

ಬಣ್ಣ ಹೊಡೆಯುವಾಗಲೇ ಸಣ್ಣ ಸಣ್ಣ ಕುಳಿ ಬಿದ್ದರೆ

ಬ್ರಷ್ ಎಳೆದ ಕೂಡಲೇ ಬಣ್ಣ ದುಂಡಗೆ ಹಿಂದೆ ಸರಿದು ಮೀನಿನ ಕಣ್ಣಿನಂಥ ಕುಳಿಯಾಗುತ್ತದೆ. ಇದು ಮೇಣ ಅಥವಾ ಸಿಲಿಕೋನ್. ಪೀಠೋಪಕರಣಕ್ಕೆ ಹಚ್ಚುವ ಸ್ಪ್ರೇ ಪಾಲಿಶ್‌ಗಳಲ್ಲಿ ಸಿಲಿಕೋನ್ ಇರುವುದುಂಟು. ಮತ್ತೆ ಮತ್ತೆ ಬ್ರಷ್ ಆಡಿಸಿದರೆ ಕುಳಿ ಮುಚ್ಚುವುದಿಲ್ಲ, ಜಾಸ್ತಿಯಾಗುತ್ತದೆ. ಒದ್ದೆಯಿರುವಾಗಲೇ ಬಣ್ಣ ಒರೆಸಿ ತೆಗೆಯಿರಿ. ಟರ್ಪೆಂಟೈನ್‌ನಿಂದ ಎರಡು ಮೂರು ಸಲ, ಪ್ರತಿ ಸಲ ಹೊಸ ಬಟ್ಟೆಯಿಂದ ಒರೆಸಿ ಒಣಗಲು ಬಿಡಿ. ಆಮೇಲೆ ತೆಳುವಾಗಿ ಒಂದು ಕೈ ಅರಗಿನ ಪ್ರೈಮರ್. ಸಿಲಿಕೋನ್ ಪೂರ್ತಿ ಹೋಗದಿದ್ದರೂ ಅದರ ಕೆಳಗೆ ಬಂಧಿಯಾಗುತ್ತದೆ.

ಕಲೆಗಳು: ಆಕಾರ ನೋಡಿ ಕಾರಣ ಹೇಳಬಹುದು

ಬಿಳಿ ಬಣ್ಣದ ಮೇಲೆ ಕಲೆ ಮೂಡಿದರೆ ಬಣ್ಣ ತೆಳುವಾಯಿತು ಎಂದು ಇನ್ನೂ ಎರಡು ಕೈ ಹೊಡೆಯುತ್ತಾರೆ. ಕಲೆ ಮತ್ತೆ ಬರುತ್ತದೆ. ನೀರಿನ ಬಣ್ಣದಲ್ಲಿರುವ ನೀರೇ ಮರದೊಳಗಿನ, ಹಳೆಯ ಪಾಲಿಶ್‌ನೊಳಗಿನ ಬಣ್ಣವನ್ನು ಕರಗಿಸಿ ಮೇಲೆ ತರುತ್ತದೆ. ಹಾಗಾಗಿ ಪ್ರತಿ ಕೈಯೂ ಕಲೆಗೆ ಹೊಸ ದಾರಿ ಮಾಡಿಕೊಡುತ್ತದೆ.

ಇಡೀ ಹಲಗೆ ಸಮನಾಗಿ ಹಳದಿಯೋ ನಸುಗೆಂಪೋ ಆಗಿದ್ದರೆ ಅದು ಹಳೆಯ ಪಾಲಿಶ್‌ನಲ್ಲಿದ್ದ ಬಣ್ಣ, ಅಥವಾ ಟ್ಯಾನಿನ್ ಎಂಬ, ಮರದಲ್ಲೇ ಇರುವ ಬಣ್ಣ ಬಿಡುವ ವಸ್ತು. ದುಂಡಗೆ ಒಂದೊಂದೇ ಕಡೆ, ನಡುವೆ ಗಾಢವಾಗಿ ಕಂಡರೆ ಅದು ಮರದ ಗಂಟು. ಪೈನ್‌ನಂಥ ಮರದ ಗಂಟಿನಲ್ಲಿ ರಾಳ ಇರುತ್ತದೆ. ಬಿಸಿಯಾದಾಗ ಅದು ಹೊರಬರುತ್ತದೆ. ಎರಡಕ್ಕೂ ಔಷಧ ಒಂದೇ: ಅರಗಿನ ಪ್ರೈಮರ್. ಗಂಟಿನ ಮೇಲೆ ಎರಡು ಕೈ, ಗಂಟಿನ ಅಂಚು ದಾಟಿ ಒಂದು ಬೆರಳಿನಷ್ಟು ಹೊರಗಿನವರೆಗೆ. ಈಗಾಗಲೇ ಹೊಡೆದ ಬಣ್ಣ ಗಟ್ಟಿಯಾಗಿದ್ದರೆ ಅದನ್ನು ತೆಗೆಯಬೇಕಿಲ್ಲ. ಹಗುರವಾಗಿ ಉಜ್ಜಿ, ಅದರ ಮೇಲೇ ಅರಗಿನ ಪ್ರೈಮರ್ ಹಚ್ಚಿ, ಒಣಗಿದ ಮೇಲೆ ಬಣ್ಣ ಹೊಡೆಯಬಹುದು.

ಸಾಸಿವೆ ಕಾಳಿನಷ್ಟು ಸಣ್ಣ ಕಂದು ಚುಕ್ಕೆಗಳು ಚೆಲ್ಲಿದಂತೆ ಕಂಡರೆ ಮರವನ್ನು ಅನುಮಾನಿಸಬೇಡಿ. ಅದು ತುಕ್ಕು. ಕಬ್ಬಿಣದ ನಾರಿನಿಂದ ಉಜ್ಜಿದಾಗ ಮುರಿದ ಎಳೆಗಳು ಮೇಲ್ಮೈಯಲ್ಲಿ ಉಳಿದಿವೆ, ನೀರಿನ ಬಣ್ಣ ತಾಗಿ ತುಕ್ಕು ಹಿಡಿದಿವೆ. ಅದಕ್ಕೇ ಮೇಲೆ ನೈಲಾನ್ ಪ್ಯಾಡ್ ಎಂದದ್ದು. ಚುಕ್ಕೆಗಳು ಒಂದೇ ಸಾಲಿನಲ್ಲಿ, ಸಮ ಅಂತರದಲ್ಲಿದ್ದರೆ ಮೊಳೆಯ ತಲೆಗಳು. ಮೊಳೆಯನ್ನು ಸ್ವಲ್ಪ ಒಳಗೆ ತಳ್ಳಿ, ತುಕ್ಕು ತಡೆಯುವ ಪ್ರೈಮರ್ ಮುಟ್ಟಿಸಿ, ಪುಟ್ಟಿ ತುಂಬಿ.

ಕಲೆಯೇ ಅಲ್ಲದ ಹಳದಿಯೂ ಒಂದಿದೆ. ಬಿಳಿ ಎಣ್ಣೆ ಎನಾಮೆಲ್ ಕತ್ತಲಲ್ಲಿ ಹಳದಿಯಾಗುತ್ತದೆ. ಬೀರುವಿನ ಹಿಂದಿನ ಭಾಗ, ಚಿತ್ರ ನೇತು ಹಾಕಿದ ಜಾಗ, ಸದಾ ಮುಚ್ಚಿರುವ ಬಾಗಿಲಿನ ಒಳಮೈ ಹಳದಿಯಾಗಿ, ಬೆಳಕು ಬೀಳುವ ಕಡೆ ಬಿಳಿಯಾಗೇ ಇದ್ದರೆ ಇದೇ ಕಾರಣ. ಅಲ್ಲಿಗೆ ನೀರಿನ ಎನಾಮೆಲ್ ಆರಿಸಿಕೊಳ್ಳುವುದು ಒಳ್ಳೆಯದು.

ಒಣಗದೆ ಅಂಟಂಟಾಗಿ ಉಳಿದರೆ, ಸುಕ್ಕುಗಟ್ಟಿದರೆ

ಎಣ್ಣೆಯ ಎನಾಮೆಲ್ ಒಣಗುವುದು ಗಾಳಿಯ ಆಮ್ಲಜನಕ ಹೀರಿಕೊಂಡು. ಮುಚ್ಚಿದ ಕೋಣೆ, ತಣ್ಣಗಿನ ಹವೆ, ದಪ್ಪನೆ ಕೈ, ಮೂರೂ ಸೇರಿದರೆ ವಾರವಾದರೂ ಬೆರಳಿಗೆ ಅಂಟುತ್ತದೆ. ಕಿಟಕಿ ತೆರೆದು ಫ್ಯಾನ್ ಹಾಕಿ, ಒಂದು ವಾರ ಕಾಯಿರಿ. ದಪ್ಪವೊಂದೇ ಕಾರಣವಾಗಿದ್ದರೆ ಅಷ್ಟರಲ್ಲಿ ಗಟ್ಟಿಯಾಗುತ್ತದೆ. ವಾರ ಕಳೆದರೂ ಹಾಗೇ ಇದ್ದರೆ ಅಡಿಯಲ್ಲಿ ಮೇಣವಿದೆ, ಅಥವಾ ಡಬ್ಬಿಯನ್ನು ತಳದವರೆಗೆ ಕಲಕಿಲ್ಲ, ಅಥವಾ ಬಣ್ಣ ತೆಳು ಮಾಡಲು ಸೀಮೆಎಣ್ಣೆಯಂಥದ್ದೇನೋ ಸುರಿದಿದ್ದಾರೆ. ಆಗ ಕೆರೆದು ತೆಗೆಯದೆ ಬೇರೆ ದಾರಿಯಿಲ್ಲ. ನೀರಿನ ಬಣ್ಣಕ್ಕೆ ತೊಂದರೆ ಕೊಡುವುದು ಚಳಿ. ಸುಮಾರು 10 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಅದು ಸರಿಯಾದ ಪದರವಾಗಿ ಕೂಡಿಕೊಳ್ಳುವುದೇ ಇಲ್ಲ. ಒಣಗಿದರೂ ಪುಡಿಪುಡಿಯಾಗಿರುತ್ತದೆ.

ಸುಕ್ಕು ಬೇರೆ. ಎನಾಮೆಲ್‌ನ ಮೇಲ್ಭಾಗ ಒಣಗಿ ಒಳಗೆ ಹಸಿಯಾಗೇ ಇದ್ದಾಗ ಚರ್ಮದಂತೆ ಸುಕ್ಕುಗಟ್ಟುತ್ತದೆ. ದಪ್ಪನೆ ಕೈ, ನೇರ ಬಿಸಿಲು, ಅವಸರದ ಎರಡನೇ ಕೈ, ಇವೇ ಕಾರಣ. ಅದು ಕಲ್ಲಿನಂತಾಗುವವರೆಗೆ ಬಿಟ್ಟು, ಉಜ್ಜಿ ಸಮ ಮಾಡಿ, ತೆಳುವಾಗಿ ಹೊಡೆಯಿರಿ. ಹೊಸ ಕೈ ಹೊಡೆದ ಕೆಲವೇ ನಿಮಿಷದಲ್ಲಿ ಇಡೀ ಪದರ ಕುದಿದಂತೆ ಎದ್ದರೆ ಅದು ಥಿನ್ನರ್ ಅಡಿಯ ವಾರ್ನಿಷನ್ನು ತಿನ್ನುತ್ತಿರುವುದು. ಅಲ್ಲಿಗೆ ನಿಲ್ಲಿಸಿ. ಆ ಬಣ್ಣ ಆ ವಾರ್ನಿಷ್‌ಗೆ ಹೊಂದುವುದಿಲ್ಲ.

ಎಣ್ಣೆಯ ವಾರ್ನಿಷ್, ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಉಂಡೆ ಮಾಡಿ ಮೂಲೆಗೆ ಎಸೆಯಬೇಡಿ. ಒಣಗುವಾಗ ಅದು ತಾನೇ ಬಿಸಿಯಾಗಿ ಹೊತ್ತಿಕೊಳ್ಳುತ್ತದೆ. ಹೊರಗೆ ಒಂದೊಂದಾಗಿ ಬಿಡಿಸಿ ಹರಡಿ, ಇಲ್ಲವೇ ನೀರಿನಲ್ಲಿ ಮುಳುಗಿಸಿ ಮುಚ್ಚಳವಿರುವ ತಗಡಿನ ಡಬ್ಬಿಯಲ್ಲಿಡಿ.

ಕಿಟಕಿ ಚೌಕಟ್ಟು ಯಾಕೆ ಮೊದಲು ಹಾಳಾಗುತ್ತದೆ

ಒಂದೇ ದಿನ, ಒಂದೇ ಡಬ್ಬಿ, ಒಂದೇ ಕೈಕೆಲಸ. ಬಾಗಿಲು ಚೆನ್ನಾಗಿದೆ, ಕಿಟಕಿ ಎದ್ದಿದೆ. ಒಳಗಿನ ಮರಗೆಲಸದಲ್ಲಿ ಕಿಟಕಿಗೆ ಮಾತ್ರ ಬಿಸಿಲೂ ನೀರೂ ಎರಡೂ ತಾಗುತ್ತವೆ.

ಬಿಸಿಲಿನಿಂದ ಶುರು ಮಾಡೋಣ. ಪಾರದರ್ಶಕ ವಾರ್ನಿಷ್ ಬೆಳಕನ್ನು ಒಳಗೆ ಬಿಡುತ್ತದೆ. ಗಾಜು ದಾಟಿ ಬರುವ ಅತಿನೇರಳೆ ಕಿರಣಗಳು ಮರದ ಎಳೆಗಳನ್ನು ಹಿಡಿದಿಟ್ಟಿರುವ ಲಿಗ್ನಿನ್ ಅನ್ನು ಸವೆಸುತ್ತವೆ. ವಾರ್ನಿಷ್ ಕೆಳಗೆ ಮರ ಬೂದಾಗಿ, ಸಡಿಲವಾಗಿ, ಹತ್ತಿಯಂತಾಗುತ್ತದೆ. ಅಂಥ ಮರದ ಮೇಲೆ ಎಂಥ ಬಣ್ಣ ಹೊಡೆದರೂ ಅದು ಸತ್ತ ಎಳೆಗಳನ್ನು ಹಿಡಿದು ನಿಂತಿರುತ್ತದೆ. ಎಳೆ ಕಿತ್ತರೆ ಬಣ್ಣವೂ ಬರುತ್ತದೆ. ಚಕ್ಕೆಯ ಬೆನ್ನಿನಲ್ಲಿ ಬೂದು ಕೂದಲು ಕಂಡರೆ ಮಸುಕು ಮಾಡುವ ಉಜ್ಜಾಟ ಸಾಲದು. ಆ ಭಾಗದಲ್ಲಿ ವಾರ್ನಿಷ್ ಪೂರ್ತಿ ತೆಗೆದು, ಮರದ ತಿಳಿ ಹೊಸ ಬಣ್ಣ ಕಾಣುವವರೆಗೆ ಉಜ್ಜಬೇಕು. ಉಳಿದ ಕಡೆ ವಾರ್ನಿಷ್ ಇರಲಿ.

ಇನ್ನು ನೀರು. ಚಳಿಯಲ್ಲಿ ಕೋಣೆಯ ಹಬೆ ತಣ್ಣನೆ ಗಾಜಿಗೆ ತಾಗಿ ಹನಿಯಾಗಿ ಕೆಳಗಿಳಿಯುತ್ತದೆ. ನಿಲ್ಲುವುದು ಕೆಳಗಿನ ಅಡ್ಡಪಟ್ಟಿಯ ಮೇಲೆ. ಗಾಜು ಮತ್ತು ಮರದ ನಡುವೆ ಕೂದಲೆಳೆಯಷ್ಟು ಸಂದಿಯಿದ್ದರೂ ಸಾಕು, ಅಲ್ಲಿಂದ ಬಣ್ಣದ ಹಿಂದೆ ಇಳಿಯುತ್ತದೆ. ಅದಕ್ಕೇ ಬಣ್ಣವನ್ನು ಗಾಜಿನ ಮೇಲೆ 1ರಿಂದ 2 ಮಿಲಿಮೀಟರ್ ಹತ್ತಿಸಿ ನಿಲ್ಲಿಸಬೇಕು. ಟೇಪ್ ಹಚ್ಚಿ ಗಾಜಿನ ಅಂಚಿಗೇ ಕತ್ತರಿಸಿದಂತೆ ಬಣ್ಣ ಹೊಡೆದರೆ ನೋಡಲು ಚೆಂದ, ಆದರೆ ನೀರಿಗೆ ಬಾಗಿಲು ತೆರೆದಿಟ್ಟ ಹಾಗೆ. ಪುಟ್ಟಿ ಬಿರುಕು ಬಿಟ್ಟಿದ್ದರೆ ಬಣ್ಣಕ್ಕಿಂತ ಮೊದಲು ಅದನ್ನು ಸರಿಮಾಡಿ.

ನಾನೇ ಕಲಿತ ಒಂದು ವಿಷಯವನ್ನು ಇಲ್ಲಿ ಹೇಳಬೇಕು. ಒಂದು ಕಿಟಕಿಯ ಕೆಳಪಟ್ಟಿಯ ಬಣ್ಣ ಎರಡು ವರ್ಷದಲ್ಲಿ ಮೂರು ಸಲ ಎದ್ದಿತು. ತೊಳೆದಿದ್ದೆ, ಉಜ್ಜಿದ್ದೆ, ಒಳ್ಳೆಯ ಪ್ರೈಮರ್ ಹಚ್ಚಿದ್ದೆ. ಕೊನೆಗೆ ಕಿಟಕಿಯ ರೆಕ್ಕೆಯ (ತೆರೆದು ಮುಚ್ಚುವ ಭಾಗದ) ಅಡಿಗೆ ಸಣ್ಣ ಕನ್ನಡಿ ಹಿಡಿದು ನೋಡಿದೆ. ಕೆಳ ಅಂಚಿಗೆ ಬಣ್ಣವೂ ಇಲ್ಲ, ವಾರ್ನಿಷ್ ಕೂಡ ಇಲ್ಲ. ಬಡಗಿ ಕೂರಿಸಿದ ದಿನದಿಂದಲೂ ಬರೀ ಮರ. ಮೂಲೆಗಳಲ್ಲಿ ಮರದ ಕತ್ತರಿಸಿದ ತುದಿ ಕೆಳಮುಖವಾಗಿತ್ತು. ಕತ್ತರಿಸಿದ ತುದಿ ಹಲಗೆಯ ಮುಖಕ್ಕಿಂತ ಎಷ್ಟೋ ಪಟ್ಟು ಜಾಸ್ತಿ ನೀರು ಹೀರುತ್ತದೆ. ನೀರು ಅಡಿಯಿಂದ ಹತ್ತಿ ಬಣ್ಣವನ್ನು ಒಳಗಿನಿಂದ ದೂಡುತ್ತಿತ್ತು. ರೆಕ್ಕೆ ಬಿಚ್ಚಿ, ಎರಡು ವಾರ ನೆರಳಲ್ಲಿ ಒಣಗಿಸಿ, ಆ ಅಂಚಿಗೆ ಮೂರು ಕೈ ಹಚ್ಚಿದ ಮೇಲೆ ಮತ್ತೆ ಏಳಲಿಲ್ಲ. ಅಂದಿನಿಂದ ಕಿಟಕಿ ಎದ್ದಿದೆ ಎಂದು ಯಾರು ಕರೆದರೂ ಮೊದಲು ಕನ್ನಡಿ ತೆಗೆಯುತ್ತೇನೆ.

ಮರ ಒದ್ದೆಯಿದೆಯೇ ಎಂದು ಕೈಯಿಂದ ಮುಟ್ಟಿ ತಿಳಿಯಲಾಗದು. ಎರಡು ಸೂಜಿ ಚುಚ್ಚುವ ತೇವ ಮಾಪಕ ಸಿಕ್ಕರೆ ಬಳಸಿ. ಒಳಗಿನ ಮರಗೆಲಸಕ್ಕೆ ಶೇಕಡ 15ಕ್ಕಿಂತ ಜಾಸ್ತಿ ತೋರಿಸಿದರೆ ಡಬ್ಬಿ ಬಿಚ್ಚಬೇಡಿ.

ಗುಳ್ಳೆ ಎದ್ದಿದ್ದರೆ ಒಂದನ್ನು ಬ್ಲೇಡಿನಿಂದ ಕೊಯ್ದು ಒಳಗೆ ನೋಡಿ. ತಳದಲ್ಲಿ ಬರೀ ಮರ ಕಂಡರೆ ಮರದಿಂದಲೇ ತೇವ ಬಂದಿದೆ. ಅದರ ಮೂಲ ಹುಡುಕಿ. ತಳದಲ್ಲಿ ವಾರ್ನಿಷ್ ಅಥವಾ ಹಿಂದಿನ ಬಣ್ಣ ಕಂಡರೆ ಅದು ಬಿಸಿಲಿನ ಶಾಖದ್ದು. ಬಿಸಿಲು ಬೀಳುತ್ತಿದ್ದಾಗಲೇ ಬಣ್ಣ ಹೊಡೆದಿದ್ದಾರೆ, ಮೇಲೆ ಹೆಪ್ಪುಗಟ್ಟಿ ಒಳಗಿನ ಆವಿಗೆ ಹೊರಬರಲು ದಾರಿ ಇಲ್ಲವಾಗಿದೆ. ಗಾಢ ಬಣ್ಣವಾದರೆ ಚೌಕಟ್ಟು ಇನ್ನೂ ಬಿಸಿಯಾಗುತ್ತದೆ. ನೆರಳು ಬಂದ ಮೇಲೆ ಹೊಡೆಯಿರಿ. ಬಿಸಿಲನ್ನು ಹಿಂಬಾಲಿಸಿ, ಎದುರಿಸಬೇಡಿ.

ಕೂಡುಗಳಲ್ಲಿ ಕೂದಲೆಳೆಯ ಬಿರುಕು ಬಂದರೆ ಹೆದರಬೇಕಿಲ್ಲ. ಹವೆ ಬದಲಾದಂತೆ ಮರ ಅಗಲಕ್ಕೆ ಹಿಗ್ಗಿ ಕುಗ್ಗುತ್ತದೆ. ಅಲ್ಲಿಗೆ ಗಟ್ಟಿ ಪುಟ್ಟಿ ಬೇಡ, ಬಣ್ಣ ಹೊಡೆಯಬಹುದಾದ ಅಕ್ರಿಲಿಕ್ ಸೀಲೆಂಟ್ ತುಂಬಿ. ಬರೀ ಸಿಲಿಕೋನ್ ಬೇಡವೇ ಬೇಡ, ಅದರ ಮೇಲೆ ಬಣ್ಣ ನಿಲ್ಲುವುದಿಲ್ಲ.

ಕಿಟಕಿ ಚೌಕಟ್ಟಿಗೆ ಅಂಟಿಕೊಂಡಿದ್ದರೆ

ಕಾರಣ ಎರಡು. ಒಂದು, ಪದರಗಳ ದಪ್ಪ. ಹಳೆಯ ವಾರ್ನಿಷ್, ಪ್ರೈಮರ್, ಎರಡು ಕೈ ಬಣ್ಣ, ಇವು ರೆಕ್ಕೆಗೂ ಚೌಕಟ್ಟಿಗೂ ಎರಡೂ ಕಡೆ ಸೇರಿ ಇದ್ದ ಸಂದಿಯನ್ನು ತಿಂದುಹಾಕುತ್ತವೆ. ಇನ್ನೊಂದು, ನೀರಿನ ಬಣ್ಣದ ಗುಣ. ಪೂರ್ತಿ ಗಟ್ಟಿಯಾಗುವ ಮೊದಲು ಎರಡು ಬಣ್ಣದ ಮೈಗಳು ಒತ್ತಿಕೊಂಡರೆ ಒಂದಕ್ಕೊಂದು ಬೆಸೆದುಕೊಳ್ಳುತ್ತವೆ.

ಯಾವುದು ಎಂದು ತಿಳಿಯಲು ಒಂದು ತೆಳು ಕಾಗದ ಸಾಕು. ಕಿಟಕಿ ತೆರೆದು, ಕಾಗದ ಇಟ್ಟು ಮುಚ್ಚಿ ಎಳೆಯಿರಿ. ಸುತ್ತಲೂ ಸಲೀಸಾಗಿ ಜಾರಿದರೆ ಸಂದಿಯಿದೆ, ತೊಂದರೆ ಅಂಟಿನದು. ಒಂದು ಕಡೆ ಸಿಕ್ಕಿಕೊಂಡು ಹರಿದರೆ ಅಲ್ಲಿ ದಪ್ಪ ಜಾಸ್ತಿ. ಪೆನ್ಸಿಲ್‌ನಿಂದ ಗುರುತು ಮಾಡಿ, ಆ ಭಾಗವನ್ನಷ್ಟೇ ಮರದವರೆಗೆ ಇಳಿಸಿ, ತೆಳುವಾಗಿ ಮತ್ತೆ ಹಚ್ಚಿ.

ಈಗಾಗಲೇ ಅಂಟಿ ಕೂತ ಕಿಟಕಿಯನ್ನು ಗುದ್ದಿ ತೆರೆಯಬೇಡಿ. ಗಾಜು ಒಡೆಯುತ್ತದೆ, ಇಲ್ಲವೇ ಉದ್ದನೆಯ ಪಟ್ಟಿ ಬಣ್ಣ ಕಿತ್ತು ಬರುತ್ತದೆ. ತೆಳು ಬ್ಲೇಡನ್ನು ಸಂದಿಯಲ್ಲಿ ಸುತ್ತಲೂ ಓಡಿಸಿ, ಆಮೇಲೆ ಮೂಲೆಗಳ ಹತ್ತಿರ ಅಂಗೈಯಿಂದ ಒತ್ತಿ. ಬಿಡಿಸಿದ ಮೇಲೆ ಕಿತ್ತ ಜಾಗ ಉಜ್ಜಿ ಸರಿಮಾಡಿ. ಮುಂದಿನ ಸಲ ಬೆಳಗ್ಗೆಯೇ ಹೊಡೆಯಲು ಶುರು ಮಾಡಿ. ಮೊದಲು ಚೌಕಟ್ಟಿನ ಒಳಸಂದಿ, ಆಮೇಲೆ ರೆಕ್ಕೆಯ ಅಂಚು, ಕೊನೆಗೆ ಮುಖ. ಸಂಜೆಯೊಳಗೆ ಅಂಚುಗಳು ಮುಟ್ಟುವಷ್ಟು ಒಣಗಿರುತ್ತವೆ. ರಾತ್ರಿ ಮುಚ್ಚಲೇಬೇಕಾದರೆ ಪೂರ್ತಿ ಒತ್ತಿ ಮುಚ್ಚದೆ ಬಣ್ಣ ಅಂಟದ ಪ್ಲಾಸ್ಟಿಕ್ ಪಟ್ಟಿ ನಡುವೆ ಇಟ್ಟು ಕೊಂಡಿ ಸಡಿಲವಾಗಿ ಹಾಕಿ. ಮೊದಲ ವಾರ ದಿನಕ್ಕೆ ಎರಡು ಮೂರು ಸಲ ತೆರೆದು ಮುಚ್ಚಿ. ಬಣ್ಣ ಪೂರ್ತಿ ಗಟ್ಟಿಯಾದ ಮೇಲೆ, ಅಂದರೆ ಸುಮಾರು ಒಂದು ತಿಂಗಳಿಗೆ, ಒಂದಕ್ಕೊಂದು ತಾಗುವ ಅಂಚುಗಳಿಗೆ ಬಿಳಿ ಮೇಣದ ಬತ್ತಿಯನ್ನು ಹಗುರವಾಗಿ ಸವರಿ. ಅದಕ್ಕಿಂತ ಮೊದಲು ಸವರಬೇಡಿ. ಎಲ್ಲಾದರೂ ಇನ್ನೊಂದು ಕೈ ಮುಟ್ಟಿಸಬೇಕಾಗಿ ಬಂದರೆ ಆ ಮೇಣವೇ ಅಡ್ಡವಾಗುತ್ತದೆ.